ಹಿತ್ತಲಿನ ಹರಟೆಮಲ್ಲಗಳು

ಮೊನ್ನೆ ಅಟ್ಟ ಗುಡಿಸುವಾಗ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆ ಸಿಕ್ಕಿತು. ಅಂಚು ಮೂರು ಕಡೆ ನೆಗ್ಗಿದೆ, ನಡುವೆ ಒಂದು ಕಪ್ಪು ಕಲೆ. ಒಂದು ಕಾಲದಲ್ಲಿ ಅದರಲ್ಲಿ ಅಕ್ಕಿನುಚ್ಚು ಹಾಕಿ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಕ್ಕಿಗಳಿಗೆಂದು ಇಡುತ್ತಿದ್ದೆ. ನಮ್ಮ ಮನೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ಎಂತಕ್ಕೆ ಇಟ್ಕೊಂಡಿದೀಯ ಮಾರಾಯ್ತಿ? ನೀನು ಹಕ್ಕಿ ನೋಡದು ಬಿಟ್ಟು ಎಷ್ಟು ವರ್ಷ ಆಯ್ತು. ಯಾಕೆ ಬಿಟ್ಟೆ ಅಂತ ಮಾತ್ರ ಒಂದಿನನೂ ಹೇಳ್ಲಿಲ್ಲ” ಎಂದರು. ನಾನು ಪೊರಕೆ ಹಿಡಿದುಕೊಂಡು ಅಟ್ಟದ ಇನ್ನೊಂದು ಮೂಲೆಗೆ ಹೋದೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ದೂರದಲ್ಲಿದ್ದೀರಿ, ನನ್ನ ಮುಖ ನಿಮಗೆ ಕಾಣುವುದಿಲ್ಲ, ಅದೇ ಒಂದು ಧೈರ್ಯ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹುಟ್ಟಾ ಹೆದರುಪುಕ್ಕಲಿ. ನರಸಿಂಹರಾಜಪುರದ ಪೇಟೆಬೀದಿಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಅಂಗಡಿಯ ಮಗಳೆಂದರೆ ಬಾಯಿ ಜೋರಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೋ ತಕ್ಕಡಿ ಪರೀಕ್ಷೆಗೆ ಬರುವ ಸಾಹೇಬರನ್ನು ಕಂಡರೆ ಹೆದರಿಕೆ, ಮಂಗ ಕಂಡರೆ ಹೆದರಿಕೆ, ಅಪ್ಪನ ಲಿಂಗಪೂಜೆ ಮುಗಿಯುವ ಮೊದಲು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡದ್ದು ಶಿವನಿಗೆ ಗೊತ್ತಾಗಿರಬಹುದೆಂದು ಇಡೀ ದಿನ ಹೆದರಿಕೆ. ಊರಾಚೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಈಗಲೂ ನೀರೊಳಗೆ ಸಂಜೆ ದೀಪ ಹಚ್ಚುತ್ತಾರೆ ಎಂದು ಅಜ್ಜಿ ಒಮ್ಮೆ ಹೇಳಿಬಿಟ್ಟಿದ್ದರು. ಆ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ ನಾನು. ಆ ಹಳ್ಳಿಗಳವರು ಬೇರೆ ಕಡೆ ಮನೆ ಕಟ್ಟಿಕೊಂಡು ಆರಾಮಾಗಿದ್ದಾರೆ, ಅವರಲ್ಲೊಬ್ಬರು ನಮ್ಮ ಅಂಗಡಿಗೇ ಸೋಪು ಕೊಳ್ಳಲು ಬರುತ್ತಾರೆ ಎಂದು ತಿಳಿಯುವಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಬಂದಿದ್ದೆ.

ಹೆದರುವವರಿಗೆ ಒಂದು ಅಭ್ಯಾಸ ತಾನಾಗಿ ಬರುತ್ತದೆ, ನೋಡುವುದು. ಅಂಗಡಿಯ ಮುಂದೆ ಚೆಲ್ಲಿದ ಕಾಳಿಗೆ ಬರುತ್ತಿದ್ದ ಗುಬ್ಬಚ್ಚಿಗಳನ್ನು ಮೂಟೆಯ ಮೇಲೆ ಕೂತು ಗಂಟೆಗಟ್ಟಲೆ ನೋಡುತ್ತಿದ್ದೆ. ಎರಡು ಕಾಳು ಹೆಕ್ಕಿ ತಲೆ ಎತ್ತುವುದು, ಮತ್ತೆ ಎರಡು ಕಾಳು, ಮತ್ತೆ ತಲೆ. ಒಂದೇ ಒಂದು ಗುಬ್ಬಚ್ಚಿಯೂ ಮೂರನೆಯ ಕಾಳಿನ ತನಕ ತಲೆ ತಗ್ಗಿಸಿದ್ದು ನಾನು ಕಂಡಿಲ್ಲ. ಇವು ನಮ್ಮ ಕುಲದವೇ ಎಂದು ಆಗಲೇ ಅನ್ನಿಸಿತ್ತು. ನಾನು ಊಟ ಮಾಡುವುದೂ ಹಾಗೆಯೇ ಎಂದು ಅಮ್ಮ ಬೈಯುತ್ತಿದ್ದರು.

ಮದುವೆಯಾಗಿ ಬಂದದ್ದು ಕಿಗ್ಗದಿಂದ ಇನ್ನೂ ಒಳಗಿನ ಒಂದು ಹಳ್ಳಿಗೆ. ಹೆಸರು ಬೇಡ, ಜನ ಇನ್ನೂ ಇದ್ದಾರೆ. ನಮ್ಮ ಮನೆಯವರು ಬಸ್ಸಿನಲ್ಲಿ ಕಂಡಕ್ಟರು. ಬೆಳಗಾಗುವ ಮೊದಲು ಹೊರಟರೆ ಜಯಪುರ, ಕೊಪ್ಪ ಎಲ್ಲ ಸುತ್ತಿ ಸಂಜೆ ಬರುವವರು. ನನಗೆ ಆ ಹಳ್ಳಿಯ ಅಂಚೆ ಕೆಲಸ ಸಿಕ್ಕಿತು. ಮನೆಯ ಜಗಲಿಯಲ್ಲೇ ಒಂದು ಮೇಜು, ಒಂದು ಮೊಹರು, ಗೋಡೆಗೊಂದು ಕೆಂಪು ಡಬ್ಬಿ. ದಿನಕ್ಕೆ ಮೂರು ಗಂಟೆ ಕೆಲಸ. ಉಳಿದ ಹೊತ್ತು ಹಿತ್ತಲಿನಲ್ಲಿ ನಾನು ಮತ್ತು ಹಕ್ಕಿಗಳು. ಮುಂದಿನ ಜಗಲಿಯಲ್ಲಿ ಜನರನ್ನು ನೋಡುವುದು, ಹಿಂದಿನ ಕಟ್ಟೆಯಲ್ಲಿ ಕೂತು ಹಕ್ಕಿಗಳನ್ನು ನೋಡುವುದು. ಕೆಲವು ದಿನ ಮುಂದೆ ಯಾರು ಬಂದಿದ್ದರು, ಹಿಂದೆ ಯಾರು ಬಂದಿದ್ದರು ಎಂದು ನನಗೇ ಕಲಸಿಹೋಗುತ್ತಿತ್ತು.

ಮಡಿವಾಳ ಹಕ್ಕಿಯೊಂದಿತ್ತು. ಕಪ್ಪು ಬಿಳುಪು, ಬಾಲ ಎತ್ತಿ ನಡೆಯುವ ಠೀವಿ. ನಮ್ಮ ಮನೆಯವರ ಗಡ್ಡದ ಕನ್ನಡಿಯನ್ನು ಹಿತ್ತಲ ಗೋಡೆಗೆ ನೇತುಹಾಕಿದ್ದೆವು. ಅದು ಬಂದು ಕನ್ನಡಿಯಲ್ಲಿ ಕಂಡ ಮಡಿವಾಳನನ್ನು ಕುಕ್ಕಿ ಕುಕ್ಕಿ, ಸುಸ್ತಾಗಿ, ಗೆದ್ದೆನೆಂದುಕೊಂಡು ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಯುದ್ಧ. ನಮ್ಮೂರ ಹಾಲಿನ ಸೊಸೈಟಿಯ ಸಭೆಯಲ್ಲಿ ಇಂಥವರು ಇಬ್ಬರಿದ್ದರು. ಪಾರಿವಾಳದಂಥ ಚೋರೆಹಕ್ಕಿಗಳ ಜೋಡಿಯೊಂದು ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಅದನ್ನೇ ಗೂಡು ಅನ್ನುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನಮ್ಮ ಮನೆಯವರು ಕಟ್ಟಿಸಿದ ಬಚ್ಚಲು ನೆನಪಾಗುತ್ತಿತ್ತು. ಇದನ್ನೆಲ್ಲ ಅವರಿಗೆ ಹೇಳಿ ನಗುತ್ತಿದ್ದೆ. ಆಗ ನಗು ಇತ್ತು ಮನೆಯಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದವು ಹರಟೆಮಲ್ಲಗಳು. ಮಣ್ಣಿನ ಬಣ್ಣ, ನೋಡಲು ಚಂದವೇನಿಲ್ಲ. ಏಳು ಇದ್ದವು, ಏಳೂ ಯಾವಾಗಲೂ ಒಟ್ಟಿಗೆ. ತರಗೆಲೆ ತಿರುವಿ ಹುಳ ಹೆಕ್ಕುತ್ತ, ಒಂದೇ ಸಮನೆ ಗೊಣಗುತ್ತ, ಜಗಳವಾಡುತ್ತ, ಮರುಕ್ಷಣ ಒಂದರ ತಲೆಯನ್ನು ಇನ್ನೊಂದು ಕೊಕ್ಕಿನಿಂದ ಸವರುತ್ತ. ಅವುಗಳ ಕೂಗು ನನಗೆ ನಿಧಾನಕ್ಕೆ ತಿಳಿಯತೊಡಗಿತು. ಮೇಲಿನಿಂದ ಗಿಡುಗ ಬಂದರೆ ಒಂದು ಚೀರು, ತಕ್ಷಣ ಎಲ್ಲ ಮಾಯ. ನೆಲದ ಮೇಲೆ ಹಾವೋ ಬೆಕ್ಕೋ ಇದ್ದರೆ ಹಾಗಲ್ಲ. ಓಡುವುದಿಲ್ಲ, ಸುತ್ತ ಕೂತು, ರೆಕ್ಕೆ ಜೋಲು ಬಿಟ್ಟು, ಅದೇ ಜಾಗ ನೋಡುತ್ತ ಬೈಯುತ್ತವೆ. ಅವು ನೋಡುವ ಕಡೆ ನಾನು ನೋಡಿದರೆ ಸಾಕು, ಅಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಎರಡು ಸಲ ನಾಗರಹಾವು, ಒಂದು ಸಲ ಮುಂಗುಸಿ. ಹಕ್ಕಿ ಕೂಗಿದರೆ ಆ ಕಡೆ ಕಣ್ಣು ಹೋಗುವುದು ನನಗೆ ಉಸಿರಾಡಿದಷ್ಟೇ ಸಹಜವಾಯಿತು. ಬೆನ್ನು ತಟ್ಟಿಕೊಳ್ಳುತ್ತಿದ್ದೆ, ಈ ಊರಿನಲ್ಲಿ ನನ್ನಷ್ಟು ಹುಷಾರಿನವರು ಯಾರೂ ಇಲ್ಲವೆಂದು.

ಆಮೇಲೆ ಆ ವರ್ಷಗಳು ಬಂದವು. ನೀವು ನಮ್ಮ ಕಡೆಯವರಾದರೆ ಹೇಳುವುದೇ ಬೇಡ. ಕಾಡಿನಲ್ಲಿ ಬಂದೂಕು ಹಿಡಿದವರು ಓಡಾಡುತ್ತಿದ್ದಾರೆ ಅನ್ನುವ ಸುದ್ದಿ, ಅವರನ್ನು ಹುಡುಕಿಕೊಂಡು ಬರುವ ಇನ್ನಷ್ಟು ಬಂದೂಕುಗಳು. ಊರಿನಲ್ಲಿ ಯಾರೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಕಾಡಿನವರನ್ನು ‘ಅವರು’ ಎನ್ನುತ್ತಿದ್ದೆವು, ಹುಡುಕುವ ಪೊಲೀಸರನ್ನೂ ‘ಅವರು’ ಎನ್ನುತ್ತಿದ್ದೆವು. ಯಾವ ‘ಅವರು’ ಎನ್ನುವುದನ್ನು ಹೇಳುವವರ ಗಲ್ಲ ಯಾವ ಕಡೆ ತಿರುಗಿತು ಎಂದು ನೋಡಿ ತಿಳಿದುಕೊಳ್ಳಬೇಕಿತ್ತು, ಗುಡ್ಡದ ಕಡೆಗೋ ರಸ್ತೆಯ ಕಡೆಗೋ. ಜಗಲಿಗೆ ಕಾಗದ ಹಾಕಲು ಬಂದವರು ಮೊದಲೆಲ್ಲ ಅರ್ಧ ಗಂಟೆ ಕೂತು ಹರಟುತ್ತಿದ್ದರು, ಈಗ ನಿಂತೇ ಮಾತಾಡಿ ಹೋಗುತ್ತಿದ್ದರು. ಎರಡು ಮಾತು, ಒಮ್ಮೆ ಹಿಂದೆ ನೋಡುವುದು. ಮತ್ತೆ ಎರಡು ಮಾತು. ನಮ್ಮಪ್ಪನ ಅಂಗಡಿಯ ಮುಂದಿನ ಗುಬ್ಬಚ್ಚಿಗಳು ನನಗೆ ದಿನಾ ನೆನಪಾಗುತ್ತಿದ್ದವು.

ಹೆದರಿಕೆಯಲ್ಲೂ ಲಾಭ ಮಾಡಿಕೊಳ್ಳುವವರು ಇರುತ್ತಾರೆ. ಹಿತ್ತಲಿಗೆ ಒಂದು ಭೀಮರಾಜ ಬರುತ್ತಿತ್ತು, ಬಾಲದಲ್ಲಿ ಎರಡು ಉದ್ದ ತಂತಿ ಎಳೆದುಕೊಂಡು ಹಾರುವ ಕಪ್ಪು ಹಕ್ಕಿ. ಎಲ್ಲ ಹಕ್ಕಿಗಳ ದನಿಯನ್ನೂ ಅಣಕಿಸುವುದರಲ್ಲಿ ಅದು ಎತ್ತಿದ ಕೈ. ಹರಟೆಮಲ್ಲವೊಂದು ದಪ್ಪ ಹುಳ ಎಳೆದು ತೆಗೆದ ಕೂಡಲೆ ಇದು ಮೇಲಿನ ಕೊಂಬೆಯಿಂದ ಗಿಡುಗದ ದನಿ ತೆಗೆಯುತ್ತಿತ್ತು. ಏಳೂ ಹುಳ ಬಿಟ್ಟು ಪೊದೆಗೆ ಬಿದ್ದರೆ, ಇದು ಇಳಿದು ಬಂದು ಆರಾಮಾಗಿ ತಿನ್ನುತ್ತಿತ್ತು. ನಮ್ಮೂರಿನಲ್ಲಿ ಸೀಮೆಎಣ್ಣೆ ಕೊಡುವ ದಿನ ಸಾಲು ರಸ್ತೆಯ ತನಕ ನಿಲ್ಲುತ್ತಿತ್ತು. ಕೊನೆಯಲ್ಲಿ ನಿಂತ ಒಬ್ಬ ಮಹಾನುಭಾವ ತನ್ನಷ್ಟಕ್ಕೆ ಎಂಬಂತೆ, “ಜೀಪು ಬತ್ತಾ ಇದೆ ಅಂತ ಕಾಣ್ತದಪ್ಪ” ಎಂದನಂತೆ. ಅರ್ಧ ಸಾಲು ಕರಗಿತು. ಅವನು ಎರಡು ಕ್ಯಾನು ತುಂಬಿಸಿಕೊಂಡು ಹೋದ. ನಾನೂ ಆ ಸಾಲಿನಲ್ಲಿದ್ದೆ, ಓಡಿದವರಲ್ಲಿ ಮೊದಲಿಗಳು. ಆ ವಾರ ಕತ್ತಲೆಯಲ್ಲೇ ಊಟ.

ತಿಮ್ಮಪ್ಪನ ವಿಷಯಕ್ಕೆ ಬರಲು ಇಷ್ಟು ಸುತ್ತು ಹಾಕುತ್ತಿದ್ದೇನೆ ಎಂದು ನಿಮಗೆ ತಿಳಿದಿರಬಹುದು. ತಿಮ್ಮಪ್ಪ ನಮ್ಮೂರಿನ ಕೂಲಿಯಾಳು. ಅವನ ಹೆಂಡತಿ ಗುಲಾಬಿ. ಯಾರ ಮನೆಯ ಕೆಲಸಕ್ಕೆ ಕರೆದರೂ ಬರುವವರು, ಕೊಟ್ಟದ್ದಕ್ಕೆ ಗೊಣಗದವರು. ಶಿವರಾತ್ರಿ ಕಳೆದ ಮೇಲೆ ಮಲೆನಾಡಿನಲ್ಲಿ ದರಗು ಗುಡಿಸುವ ಕೆಲಸ. ಗುಡ್ಡದಲ್ಲಿ ಉದುರಿದ ಒಣಗೆಲೆಯನ್ನು ಗುಡಿಸಿ, ಹೊತ್ತು ತಂದು, ವರ್ಷಪೂರ್ತಿ ಕೊಟ್ಟಿಗೆಗೆ ಹಾಸಲು ಒಟ್ಟಿ ಇಡುತ್ತೇವೆ. ನಮ್ಮ ಒಂದು ದನಕ್ಕೂ ಬೇಕಲ್ಲ. ಆ ವರ್ಷ ಹಿತ್ತಲಿನ ಕೊನೆಯಲ್ಲಿ ಅಡಿಕೆ ಸೋಗೆಯ ಮಾಡಿನ ಕೆಳಗೆ ದರಗು ಒಟ್ಟಿದವನು ತಿಮ್ಮಪ್ಪನೇ. ಹರಟೆಮಲ್ಲಗಳಿಗೆ ಅದು ಹಬ್ಬ. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಂದು ಆ ರಾಶಿಯ ಬುಡ ಕೆದಕುತ್ತಿದ್ದವು. ಇದನ್ನು ನಾನು ಬಲ್ಲೆ, ತಿಮ್ಮಪ್ಪ ಬಲ್ಲವನಲ್ಲ.

ಒಂದು ಸಂಜೆ ಅವನ ಬಾಗಿಲಿಗೆ ಮೂವರು ಬಂದು ಗಂಜಿ ಕೇಳಿದರಂತೆ. ಹೆಗಲಲ್ಲಿ ಏನಿತ್ತು ಎಂದು ಗುಲಾಬಿ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಾಗಿಲಿಗೆ ಬಂದು ಹಸಿವು ಅಂದವರಿಗೆ ಇಲ್ಲ ಅನ್ನುವ ರೂಢಿ ನಮ್ಮ ಕಡೆ ಇಲ್ಲ, ಅವರ ಕೈಯಲ್ಲಿ ಬಂದೂಕಿದ್ದರಂತೂ ಕೇಳುವುದೇ ಬೇಡ. ಗಂಡಹೆಂಡತಿ ಗಂಜಿ, ಉಪ್ಪಿನಕಾಯಿ ಕೊಟ್ಟರು. ಅವರು ಉಂಡು, ತಟ್ಟೆ ತೊಳೆದಿಟ್ಟು ಹೋದರು. ವಾರ ಕಳೆಯುವಷ್ಟರಲ್ಲಿ ಆ ಗಂಜಿಯ ಸುದ್ದಿ ರಸ್ತೆಯ ಕಡೆಯ ‘ಅವರಿಗೆ’ ಮುಟ್ಟಿತ್ತು. ಯಾರು ಮುಟ್ಟಿಸಿದರು ಎಂದು ಊರಿನಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ.

ಆ ದಿನ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದೆ. ಹರಟೆಮಲ್ಲಗಳು ಬಂದವು, ಆದರೆ ಕೆದಕಲಿಲ್ಲ. ದರಗಿನ ರಾಶಿಯ ಸುತ್ತ ಕೂತು, ರೆಕ್ಕೆ ಜೋಲು ಬಿಟ್ಟು, ಬೈಯತೊಡಗಿದವು. ಹಾವು ಎಂದುಕೊಂಡು ಒಂದು ಕೋಲು ಹಿಡಿದು ಹತ್ತಿರ ಹೋದೆ. ರಾಶಿಯ ಹಿಂಬದಿಯಲ್ಲಿ ಎಲೆಗಳ ನಡುವೆ ಎರಡು ಕಣ್ಣು. ತಿಮ್ಮಪ್ಪ ಕುತ್ತಿಗೆಯ ತನಕ ದರಗು ಎಳೆದುಕೊಂಡು ಕೂತಿದ್ದ. ಮುಖದ ತುಂಬ ಬೆವರು, ಬೆವರಿಗೆ ಎಲೆಯ ಚೂರು ಅಂಟಿಕೊಂಡಿತ್ತು.

“ಅಮ್ಮ, ಅವರು ಮನೆ ಹತ್ರ ಬಂದಿದಾರೆ. ಒಂದು ಗಳಿಗೆ ಇರ್ತೀನಿ. ಹೋದ ಮೇಲೆ ಹೋಗ್ತೀನಿ” ಎಂದ.

“ಎಂತಕ್ಕೆ ಓಡಿ ಬಂದೆ ಮಾರಾಯ? ಓಡಿದ್ರೆ ಅನುಮಾನ ಜಾಸ್ತಿ ಆಗಲ್ವಾ?”

“ಹೆದರಿಕೆ ಆಯ್ತು ಅಮ್ಮ.”

ಅದಕ್ಕೆ ಎದುರುತ್ತರ ಕೊಡುವ ಯೋಗ್ಯತೆ ನನಗಿರಲಿಲ್ಲ. ಅವನ ತಲೆಯ ಮೇಲೆ ಎರಡು ಬೊಗಸೆ ದರಗು ಹಾಕಿ ವಾಪಸು ಬಂದೆ. ಹಕ್ಕಿಗಳನ್ನು ಎಬ್ಬಿಸಿ ಓಡಿಸಲು ನೋಡಿದೆ. ತಟ್ಟೆಯಲ್ಲಿ ನುಚ್ಚು ಹಾಕಿ ಈ ಕಡೆ ಇಟ್ಟೆ. ಉಹೂಂ, ಒಂದೂ ಬರಲಿಲ್ಲ. ಊರಿಗೇ ಸಾರುವವರಂತೆ ಅಲ್ಲೇ ಕೂತು ಕೂಗಿದವು.

ಆಗ ಜಗಲಿಯಲ್ಲಿ ಬೂಟಿನ ಸದ್ದು. ಇಬ್ಬರು ಬಂದಿದ್ದರು. ಒಬ್ಬ ಎಳೆಯ ಪ್ರಾಯದವ, ಬಿಸಿಲಿಗೆ ಮುಖ ಕೆಂಪಾಗಿತ್ತು. ಇನ್ನೊಬ್ಬರಿಗೆ ಐವತ್ತರ ಹತ್ತಿರ, ತಲೆ ನರೆತವರು, ಮೃದುವಾದ ಮಾತು. “ತಾಯಿ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?” ಎಂದರು. ಬಯಲು ಸೀಮೆಯ ಕನ್ನಡ. ನಾನು ಒಳಗಿನಿಂದ ನೀರು ತರುವಷ್ಟರಲ್ಲಿ ಅವರು ಮನೆಯ ಪಕ್ಕದಿಂದ ನಡೆದು ಹಿತ್ತಲಿಗೆ ಬಂದು, ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದರು.

“ತಿಮ್ಮಪ್ಪ ಅನ್ನೋನು ಈ ಕಡೆ ಬಂದನಾ?”

“ಇಲ್ಲ” ಎಂದೆ. ಜೀವಮಾನದಲ್ಲಿ ಅಷ್ಟು ಚೊಕ್ಕವಾದ ಸುಳ್ಳು ನಾನು ಹೇಳಿರಲಿಲ್ಲ.

ಹಕ್ಕಿಗಳ ಗಲಾಟೆಗೆ ಎಳೆಯವನು ಆ ಕಡೆ ತಿರುಗಿದ. “ಏನು ಇವು ಇಷ್ಟು ಕಿರುಚ್ತಾವೆ?”

“ಹಾವು ಇರ್ಬೇಕು” ಎಂದೆ. “ಆ ದರಗಿನಲ್ಲಿ ನಾಗರ ಉಂಟು. ಎರಡು ಸಲ ಕಂಡಿದೀನಿ.”

ಎಳೆಯವನು ಎರಡು ಹೆಜ್ಜೆ ಹಿಂದೆ ಸರಿದ. ನನಗೆ ನನ್ನ ಮೇಲೇ ಆಶ್ಚರ್ಯವಾಯಿತು. ಹೆದರಿಕೆಯ ನಡುವೆಯೂ ಒಳಗೊಂದು ಹೆಮ್ಮೆ ಎದ್ದಿತು. ನಾನೂ ಒಬ್ಬಳು ಗಟ್ಟಿ ಹೆಂಗಸು, ಇವರು ನೀರು ಕುಡಿದು ಹೋಗುತ್ತಾರೆ, ತಿಮ್ಮಪ್ಪ ಮನೆಗೆ ಹೋಗುತ್ತಾನೆ. ಹಿರಿಯರು ಲೋಟ ಎತ್ತಿ ನಿಧಾನಕ್ಕೆ ಕುಡಿಯುತ್ತಿದ್ದರು.

ಅಷ್ಟರಲ್ಲಿ ಹರಟೆಮಲ್ಲಗಳು ಇದ್ದಕ್ಕಿದ್ದಂತೆ ಸುಮ್ಮನಾದವು.

ಏಳೂ ಒಟ್ಟಿಗೆ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೇಲೆ ಗಿಡುಗ ಹೋಗಿರಬಹುದು, ಅಥವಾ ಕೂಗಿ ಸಾಕಾಗಿರಬಹುದು. ಆ ಮೌನಕ್ಕೆ ನನ್ನ ಕತ್ತು ತಾನಾಗಿ ತಿರುಗಿತು. ಕಣ್ಣು ದರಗಿನ ರಾಶಿಗೆ ಹೋಯಿತು. ಬರೀ ರಾಶಿಗಲ್ಲ, ರಾಶಿಯ ಹಿಂಬದಿಗೆ, ಅವನ ತಲೆಯಿದ್ದ ಜಾಗಕ್ಕೇ. ಒಂದು ಕ್ಷಣ ಅಷ್ಟೆ. ಕಣ್ಣು ಕಿತ್ತು ಈ ಕಡೆ ತಂದೆ. ಹಿರಿಯರು ಲೋಟದ ಅಂಚಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಅವರು ಮೊದಲಿನಿಂದಲೂ ಹಕ್ಕಿಯ ಕಡೆ ನೋಡಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಅವರೂ ನನ್ನ ಹಾಗೆ ನೋಡುವುದನ್ನು ಅಭ್ಯಾಸ ಮಾಡಿದವರು.

ಅವರು ಉಳಿದ ನೀರನ್ನು ಕುಡಿದು ಮುಗಿಸಿದರು. ಲೋಟವನ್ನು ಕಲ್ಲಿನ ಮೇಲೆ ಬೋರಲು ಹಾಕಿದರು. “ಬರ್ತೀವಿ ತಾಯಿ” ಎಂದು ನೇರ ದರಗಿನ ರಾಶಿಯ ಹಿಂಬದಿಗೆ ನಡೆದರು.

ಅವನು ಕೂಗಲಿಲ್ಲ, ಓಡಲಿಲ್ಲ. ಇಬ್ಬರ ನಡುವೆ ನಡೆದು ಹೋದ. ಬೆನ್ನಿಗೆ ಅಂಟಿದ್ದ ಒಣಗೆಲೆ ಹಿತ್ತಲಿನಿಂದ ರಸ್ತೆಯ ತನಕ ಒಂದೊಂದೇ ಉದುರಿತು.

ಅಭ್ಯಾಸಬಲದಿಂದ ನೋಡಿದೆ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಮುಕ್ಕಾಲು ನಿಜ. ಉಳಿದ ಕಾಲು ಭಾಗವನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಇಬ್ಬರು ನನ್ನ ಹಿತ್ತಲಿನಲ್ಲಿ ನಿಂತಷ್ಟೂ ಹೊತ್ತು ನನ್ನೊಳಗೆ ಒಂದು ಮೂಲೆಯಲ್ಲಿ, ಇವನು ಸಿಕ್ಕಿಬಿಡಲಿ, ಇದು ಮುಗಿದುಹೋಗಲಿ, ಇವರು ನನ್ನ ಮನೆಯಿಂದ ಹೋಗಲಿ ಎಂದು ಇತ್ತು. ಆ ಮೂಲೆಯೇ ನನ್ನ ಕತ್ತು ತಿರುಗಿಸಿತೋ ಏನೋ. ಹಕ್ಕಿಗಳನ್ನು ಅಷ್ಟು ವರ್ಷ ನೋಡಿದವಳು ನನ್ನನ್ನು ಒಮ್ಮೆಯೂ ಸರಿಯಾಗಿ ನೋಡಿಕೊಂಡಿರಲಿಲ್ಲ.

ಮಧ್ಯಾಹ್ನ ಗುಲಾಬಿ ಬಂದಳು. ಜಗಲಿಯ ಕಂಬ ಹಿಡಿದು ನಿಂತು, “ಒಂದು ಅರ್ಜಿ ಬರ್ದು ಕೊಡಿ ಅಮ್ಮ. ನಮ್ಮನೆಯವ್ರು ಗಂಜಿ ಹಾಕಿದ್ದು ಬಿಟ್ರೆ ಎಂತದೂ ಮಾಡಿಲ್ಲ ಅಂತ ಬರೀರಿ” ಎಂದಳು. ಬರೆದೆ. ನನ್ನ ಅಕ್ಷರ ಅಂಚೆ ಕಾಗದಗಳಲ್ಲಿ ಎಲ್ಲ ಕಡೆ ಇದೆ, ಗುರುತು ಸಿಕ್ಕೀತು ಎಂದು ಹೆದರಿ, ಒಂದನೇ ಕ್ಲಾಸಿನವರಂತೆ ದಪ್ಪ ದಪ್ಪ, ವಕ್ರ ವಕ್ರವಾಗಿ ಬರೆದೆ. ಆ ಹೊತ್ತಿನಲ್ಲೂ ಇಷ್ಟು ಉಪಾಯ ಹೊಳೆಯಿತು ನನಗೆ. ಊರಿನ ಬೇರೆ ಯಾರೂ ಅವಳ ಮನೆಯ ಕಡೆ ಸುಳಿಯಲಿಲ್ಲ. ಗಿಡುಗ ಒಂದನ್ನು ಎತ್ತಿಕೊಂಡು ಹೋದ ಮೇಲೆ ಹಿತ್ತಲು ಸ್ವಲ್ಪ ಹೊತ್ತು ಸದ್ದಿಲ್ಲದೆ ಇರುತ್ತದೆ, ಆಮೇಲೆ ಒಂದೊಂದಾಗಿ ಇಳಿದು ಕಾಳು ಹೆಕ್ಕಲು ಶುರು. ನಾನೂ ಅವತ್ತು ಮೂರು ಗಂಟೆಗೆ ಅನ್ನ ಸಾರು ಉಂಡೆ. ರುಚಿಯೂ ತಿಳಿಯಿತು.

ಆರನೆಯ ದಿನ ಅವನನ್ನು ಬಿಟ್ಟರು. ನಮ್ಮ ಮನೆಯವರ ಬಸ್ಸಿನಲ್ಲೇ ಬಂದನಂತೆ, ಕೊನೆಯ ಸೀಟಿನಲ್ಲಿ ಕೂತಿದ್ದನಂತೆ. ಅಲ್ಲಿ ಏನಾಯಿತು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲಿನಲ್ಲಿ ನೆರಳು ಬಿತ್ತು. ತಿಮ್ಮಪ್ಪ. ಗೊತ್ತಾಗಿದೆ ಇವನಿಗೆ, ಕೇಳಲಿಕ್ಕೆ ಬಂದಿದ್ದಾನೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳೋಣ, ಕಾಲಿಗೆ ಬೀಳಬೇಕಾದರೆ ಬೀಳೋಣ ಎಂದು ಆರು ದಿನ ಮನಸ್ಸಿನಲ್ಲಿ ತಯಾರಾಗಿದ್ದೆ.

ಅವನು ಕೈ ಮುಗಿದ.

“ನಿಮ್ಮ ಉಪಕಾರ ಮರೆಯಕ್ಕೆ ಆಗಲ್ಲ ಅಮ್ಮ. ನಂಗೆ ಒಳಗೆ ಎಲ್ಲಾ ಕೇಳ್ತಿತ್ತು. ಇಲ್ಲ ಅಂದ್ರಿ. ಹಾವು ಉಂಟು ಅಂದ್ರಿ. ಊರಲ್ಲಿ ಬೇರೆ ಯಾರೂ ಅಷ್ಟು ಹೇಳ್ತಿರಲಿಲ್ಲ.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ.

“ಆ ಹಾಳು ಹಕ್ಕಿಗಳು ಹಿಡ್ಕೊಟ್ವು” ಎಂದ. “ಅವು ಕೂಗದೆ ಇದ್ದಿದ್ರೆ ಅವರು ಆ ಕಡೆ ಬರ್ತಿರಲಿಲ್ಲ. ಅಲ್ದಾ ಅಮ್ಮ?”

ಅವನು ನನ್ನ ಮುಖ ನೋಡುತ್ತ ಕಾದ. ಹೇಳಲು ಅದೊಂದೇ ಹೊತ್ತಿತ್ತು. ಕೂಗುವುದು ನಿಂತ ಮೇಲೆ ಅವರು ಬಂದದ್ದು ಎಂದು ಅಷ್ಟು ಹೇಳಿದರೂ ಸಾಕಿತ್ತು.

“ಹೌದು ಮಾರಾಯ” ಎಂದೆ. “ಅವೇ.”

ಒಂಬತ್ತು ಗಂಟೆಯ ಹೊತ್ತು. ಹರಟೆಮಲ್ಲಗಳು ತಮ್ಮ ಪಾಡಿಗೆ ಗೊಣಗುತ್ತ ಬಂದು, ಚೆದುರಿಬಿದ್ದಿದ್ದ ದರಗಿನಲ್ಲಿ ಹುಳ ಹುಡುಕತೊಡಗಿದವು. ಏಳೂ ಇದ್ದವು. ಒಂದು ನಮ್ಮಿಂದ ಎರಡು ಮಾರು ದೂರದ ತನಕ ಬಂತು. ನಾನು ದಿನಾ ನುಚ್ಚು ಹಾಕುವವಳೆಂದು ಅದಕ್ಕೆ ನನ್ನ ಹೆದರಿಕೆ ಇರಲಿಲ್ಲ. ತಿಮ್ಮಪ್ಪ ಬಗ್ಗಿ ನೆಲದಿಂದ ಒಂದು ಕಲ್ಲು ಎತ್ತಿಕೊಂಡ. ಹಿತ್ತಲು ನನ್ನದು, ಹಕ್ಕಿಗಳನ್ನು ಸಾಕಿದವಳು ನಾನು ಎಂದು ಅವನಿಗೆ ಗೊತ್ತಿತ್ತು. ಕೈ ಎತ್ತಿದವನು ತಡೆದು, ನನ್ನ ಕಡೆ ತಿರುಗಿ ಕೇಳಿದ.

“ಹೊಡೀಲಾ ಅಮ್ಮ?”

ಹಕ್ಕಿಯ ಕಡೆಗಾಗಲಿ ಅವನ ಕಡೆಗಾಗಲಿ ನಾನು ನೋಡಲಿಲ್ಲ.

“ಹೊಡಿ” ಎಂದೆ.